ಬೇಸ್‌ಮೆಂಟಿನಲ್ಲಿ ಹದಿನಾರು ಆನೆಕಿವಿ

ನ್ಯೂಜೆರ್ಸಿಯ ಹಿಲ್ಸ್‌ಬರೋದ ದ್ವಾರಕಾನಾಥರು ಸುಳ್ಳುಗಾರರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ, ಏಕೆಂದರೆ ಮುಂದೆ ಬರುವುದೆಲ್ಲ ಅವರು ಹೇಳಿದ ಒಂದೇ ಒಂದು ಸುಳ್ಳಿನ ಕಥೆ. ಐವತ್ತೇಳು ವರ್ಷದ ಬಾಳಿನಲ್ಲಿ ಅವರು ಬಾರದ ಜ್ವರವನ್ನು ಬಂದಿದೆಯೆಂದು ಆಫೀಸಿಗೆ ರಜೆ ಹಾಕಿದವರಲ್ಲ. ಹೆಂಡತಿ ಕೌಸಲ್ಯಾ ಮಾಡಿದ ಉಪ್ಪಿಟ್ಟು ಚೆನ್ನಾಗಿದೆಯೆಂದು ಕೂಡ ಹೇಳಿದವರಲ್ಲ. ಅಂಥ ಮನುಷ್ಯ ಕನ್ನಡ ಕೂಟದ ಸೆಪ್ಟೆಂಬರ್ ಪಿಕ್‌ನಿಕ್ಕಿನಲ್ಲಿ, ಕೈಯಲ್ಲಿ ಬಿಸಿಬೇಳೆಬಾತಿನ ತಟ್ಟೆ ಹಿಡಿದು ನಿಂತಾಗ, ಹಾಳು ಗಳಿಗೆಯೊಂದರಲ್ಲಿ ಜಾರಿಬಿದ್ದರು.

ತಪ್ಪು ಅವರೊಬ್ಬರದೇ ಅಲ್ಲ. ಕೂಟದ ಅಧ್ಯಕ್ಷ ವಸಿಷ್ಠ ಇಪ್ಪತ್ತು ನಿಮಿಷದಿಂದ ತಮ್ಮ ಕರಿಬೇವಿನ ಗಿಡದ ಪುರಾಣ ಹೇಳುತ್ತಿದ್ದರು. ಎಂಟು ಚಳಿಗಾಲ ಲಿವಿಂಗ್ ರೂಮಿನಲ್ಲಿ ಬದುಕಿತಂತೆ, ಅದಕ್ಕೆಂದೇ ಹ್ಯುಮಿಡಿಫೈಯರ್ ತಂದಿದ್ದಾರಂತೆ, ಮಗ ಕಾಲೇಜಿಗೆ ಹೋದಾಗ ಆಗದ ಸಂಕಟ ಅದರ ಎಲೆ ಉದುರಿದಾಗ ಆಯಿತಂತೆ. ಕೇಳಿ ಕೇಳಿ ದ್ವಾರಕಾನಾಥರ ಕಿವಿ ಕಾದಿತ್ತು. ಆಗ ಯಾರೋ ಅವರತ್ತ ತಿರುಗಿ, ನಿಮ್ಮ ಮನೆ ಮುಂದಿನ ಆ ದೊಡ್ಡ ಎಲಿಫೆಂಟ್ ಇಯರ್ ಗಿಡ ವರ್ಷ ವರ್ಷ ಹೊಸದು ತರುತ್ತೀರಾ ಎಂದು ಕೇಳಿದರು.

"ಹೊಸದು ಯಾಕೆ ತರ್ಲಿ? ನಾಲ್ಕು ವರ್ಷದಿಂದ ಒಂದೇ ಗಿಡ" ಎಂದರು ದ್ವಾರಕಾನಾಥರು. "ಚಳಿಗೆ ಮುಂಚೆ ಗಡ್ಡೆ ಅಗೆದು ಮಲಗಿಸ್ತೀನಿ, ಮೇ ತಿಂಗಳಲ್ಲಿ ಎಬ್ಬಿಸ್ತೀನಿ."

ಆ ಗಿಡವನ್ನು ನೋಡಿದವರು ಮರೆಯುವಂತಿರಲಿಲ್ಲ. ಒಂದೊಂದು ಎಲೆಯೂ ಮೊರದಗಲ. ಬೇಸಿಗೆಯಲ್ಲಿ ಅವರ ಮನೆಗೆ ಬಂದವರು ಕಾಫಿ ಕುಡಿಯುವ ಮೊದಲು ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಇದು ಕೆಸುವಲ್ಲವೇ, ಪತ್ರೊಡೆ ಮಾಡಬಹುದಲ್ಲವೇ ಎಂದು ಯಾರಾದರೂ ಕೇಳಿದರೆ ದ್ವಾರಕಾನಾಥರ ಮುಖ ಸಪ್ಪಗಾಗುತ್ತಿತ್ತು. ಇದು ತಿನ್ನುವ ಜಾತಿಯಲ್ಲ, ನೋಡುವ ಜಾತಿ ಎನ್ನುತ್ತಿದ್ದರು.

ನಿಜ ಸಂಗತಿ ಕೌಸಲ್ಯಾಗೆ ಮಾತ್ರ ಗೊತ್ತು. ಪ್ರತಿ ಅಕ್ಟೋಬರಿನಲ್ಲೂ ಮೊದಲ ಫ್ರಾಸ್ಟ್ ಬಿದ್ದು ಇಬ್ಬನಿ ಹೆಪ್ಪುಗಟ್ಟಿದ ಬೆಳಿಗ್ಗೆ ಎಲೆಗಳೆಲ್ಲ ಕಪ್ಪಾಗಿ ಜೋತುಬೀಳುತ್ತಿದ್ದವು. ದ್ವಾರಕಾನಾಥರು ಅವನ್ನು ಕತ್ತರಿಸಿ ಟೌನ್‌ಶಿಪ್ಪಿನವರು ತೋಟದ ಕಸ ಒಯ್ಯುವ ಕಾಗದದ ಚೀಲಕ್ಕೆ ತುಂಬುತ್ತಿದ್ದರು. ಮೇ ತಿಂಗಳಲ್ಲಿ ಹೈವೇ ಬದಿಯ ನರ್ಸರಿಯಿಂದ ಇನ್ನೊಂದು ತಂದು ಅದೇ ಗುಂಡಿಗೆ ಇಡುತ್ತಿದ್ದರು. ನಾಲ್ಕು ವರ್ಷ, ನಾಲ್ಕು ಗಿಡ; ಮೂರು ಸತ್ತಿದ್ದವು, ನಾಲ್ಕನೆಯದು ಸರದಿ ಕಾಯುತ್ತಿತ್ತು.

ಸುಳ್ಳು ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಪಕ್ಕದ ಕುರ್ಚಿಯಲ್ಲಿ ಎಡಿಸನ್ನಿನ ಬೇಬಿ ಆಂಟಿ ಕೂತಿದ್ದರು. ಬೇಬಿ ಆಂಟಿ ಮತ್ತು ಅವರ ಯಜಮಾನರು ಶಾಂತಾರಾಮ ಮಂಗಳೂರಿನ ಕಡೆಯವರು. ರೂಟ್ ಒನ್ ಹೆದ್ದಾರಿಯ ಬದಿಯಲ್ಲಿ ಇಪ್ಪತ್ತೆಂಟು ವರ್ಷ ಮೋಟೆಲ್ ನಡೆಸಿದವರು. ಆ ಬೇಸಿಗೆಯಲ್ಲಷ್ಟೇ ಅದನ್ನು ಮಾರಿದ್ದರು. ಕೊಂಡವರು ಒಂದೇ ವಾರದಲ್ಲಿ ನೆಲಸಮ ಮಾಡಿ ವೇರ್‌ಹೌಸ್ ಎಬ್ಬಿಸುತ್ತಿದ್ದರು. ಮೋಟೆಲಿನ ಆಫೀಸು ಬಾಗಿಲಲ್ಲಿ, ಬಂದವರ ತಲೆಗೆಲ್ಲ ಎಲೆ ತಾಗಿಸುತ್ತಾ ನಿಂತಿದ್ದ ಆನೆಕಿವಿ ಗಿಡವೊಂದನ್ನು ಬೇಬಿ ಆಂಟಿ ಬುಲ್ಡೋಜರ್ ಬರುವ ಹಿಂದಿನ ದಿನ ಅಗೆದು ತಂದಿದ್ದರು. ಈಗ ಅವರಿದ್ದ ಕಾಂಡೋ ಫ್ಲ್ಯಾಟಿನಲ್ಲಿ ಬೇಸ್‌ಮೆಂಟ್ ಇರಲಿಲ್ಲ. ಮೇಲಾಗಿ ನವೆಂಬರಿನಲ್ಲಿ ಊರಿಗೆ ಹೋದರೆ ಅವರು ಬರುವುದು ಏಪ್ರಿಲ್ ಕೊನೆಗೆ.

"ಹಾಗಾದ್ರೆ ನಮ್ಮದನ್ನೂ ನೀವೇ ಇಟ್ಕೊಳ್ಳಿ ಮಾರಾಯ್ರೆ" ಎಂದರು ಬೇಬಿ ಆಂಟಿ. "ಆ ಮೋಟೆಲಿಂದು ಅಂತ ನನ್ನ ಹತ್ರ ಉಳಿದದ್ದು ಅದೊಂದೇ."

ದ್ವಾರಕಾನಾಥರು ಆಗುವುದಿಲ್ಲ ಎನ್ನಲು ಬಾಯಿ ತೆರೆದರು. ಆದರೂ ತಲೆ ತಾನಾಗಿ ಹೂಂ ಎಂಬಂತೆ ಆಡಿತು. ಊರಿಗೆ ಹೋಗುವಾಗ ತುಳಸಿ, ಕರಿಬೇವಿನ ಕುಂಡಗಳನ್ನು ಸ್ನೇಹಿತರ ಮನೆಯಲ್ಲಿ ಬಿಟ್ಟುಹೋಗುವುದು ನ್ಯೂಜೆರ್ಸಿಯ ಕನ್ನಡಿಗರಲ್ಲಿ ಹೊಸದೇನಲ್ಲ. ಒಬ್ಬರದನ್ನು ಒಪ್ಪಿದ ಮೇಲೆ ಇನ್ನೊಬ್ಬರಿಗೆ ಇಲ್ಲವೆನ್ನಲು ಬರುವುದಿಲ್ಲ ಎನ್ನುವುದೂ ಹೊಸದಲ್ಲ. ವೆಸ್ಟ್ ವಿಂಡ್ಸರಿನ ಸೌಜನ್ಯಾ ತನ್ನ ಕಪ್ಪೆಲೆಯ ಆನೆಕಿವಿ ತಂದಳು. ವಸಿಷ್ಠ ತಮ್ಮ ಮನೆಯ ಆನೆಕಿವಿಯನ್ನು ತಂದರು, ಜೊತೆಗೆ ಅದನ್ನು ನೋಡಿಕೊಳ್ಳುವ ಬಗೆಗೆ ನಾಲ್ಕು ಪುಟದ ಸೂಚನೆಯನ್ನೂ ತಂದರು. ಅಕ್ಟೋಬರ್ ಮಧ್ಯದ ಹೊತ್ತಿಗೆ ದ್ವಾರಕಾನಾಥರ ಗರಾಜಿನಲ್ಲಿ ಹದಿನಾರು ಮನೆಗಳ ಹದಿನಾರು ಗಿಡ ಸೇರಿದವು. ಕಾರು ಹೊರಗೆ ಬಿತ್ತು.

"ಈಗ ಹೇಳಿಬಿಡಿ, ನಂಗೆ ಬರಲ್ಲ ಅಂತ" ಎಂದಳು ಕೌಸಲ್ಯಾ.

"ಬರಲ್ಲ ಅಂತ ಯಾರು ಹೇಳಿದ್ದು? ಇನ್ನೂ ಮಾಡಿಲ್ಲ, ಅಷ್ಟೇ" ಎಂದರು ದ್ವಾರಕಾನಾಥರು.

ಈ ಒಂದು ಮಾತಿನಿಂದ ಅವರ ಹಠ ಹುಟ್ಟಿತು. ಹಠವೆಂದರೆ ಸಾಮಾನ್ಯ ಹಠವಲ್ಲ. ಆ ಸಂಜೆಯೇ ಅವರು ಪಕ್ಕದ ಮನೆಯ ಕಾರ್ಮೈನರ ಬಾಗಿಲು ತಟ್ಟಿದರು. ಕಾರ್ಮೈನ್ ಎಂಬತ್ತೊಂದು ವರ್ಷದ ಇಟಾಲಿಯನ್ ಮುದುಕರು. ಅವರ ಅಪ್ಪ ನೆಟ್ಟ ಅಂಜೂರದ ಮರವೊಂದು ಹಿತ್ತಲಲ್ಲಿತ್ತು. ಪ್ರತಿ ನವೆಂಬರಿನಲ್ಲಿ ಅದಕ್ಕೆ ಗೋಣಿತಟ್ಟು ಸುತ್ತಿ, ಹಗ್ಗ ಬಿಗಿದು, ತುದಿಗೆ ಬಕೆಟ್ ಬೋರಲು ಹಾಕಿ ನಿಲ್ಲಿಸುವುದು ಅವರ ವ್ರತ. ಗಡ್ಡೆ ಉಳಿಸುವುದು ಹೇಗೆಂದು ದ್ವಾರಕಾನಾಥರು ಕೇಳಿದ್ದಕ್ಕೆ ಅವರು ನಾಲ್ಕು ವರ್ಷ ಏನು ಮಾಡುತ್ತಿದ್ದಿ ಎಂದು ಮರುಪ್ರಶ್ನೆ ಹಾಕಲಿಲ್ಲ. ಆ ಕಾಗದದ ಚೀಲಗಳನ್ನು ಅವರು ಕಿಟಕಿಯಿಂದ ನೋಡಿಯೇ ಇದ್ದರು.

ವಿಧಾನ ಬಹಳ ಸುಲಭ ಎಂದರು ಕಾರ್ಮೈನ್. ಕಾಂಡ ಕತ್ತರಿಸು, ಮಣ್ಣು ಉದುರಿಸು, ಒಂದು ವಾರ ಗಾಳಿಗೆ ಒಣಗಿಸು, ರಟ್ಟಿನ ಪೆಟ್ಟಿಗೆಯಲ್ಲಿ ಒಣ ಮರದ ಹೊಟ್ಟಿನ ನಡುವೆ ಹೂತಿಡು. ಬೇಸ್‌ಮೆಂಟಿನ ತಣ್ಣಗಿನ ಮೂಲೆ, ಕತ್ತಲೆ, ಐವತ್ತು ಡಿಗ್ರಿ ಫ್ಯಾರನ್‌ಹೀಟ್. ನೀರು ಒಂದು ತೊಟ್ಟೂ ಬೇಡ. ಇಷ್ಟು ಹೇಳಿ ಕಾರ್ಮೈನ್ ಬೆರಳೆತ್ತಿ, ಎಲ್ಲರೂ ಸೋಲುವುದು ಮುಂದಿನ ಹೆಜ್ಜೆಯಲ್ಲಿ ಎಂದರು. ಆ ಹೆಜ್ಜೆ ಯಾವುದೆಂದರೆ, ಸುಮ್ಮನಿರುವುದು. ತೆಗೆದು ನೋಡಬಾರದು, ಮುಟ್ಟಬಾರದು, ವಿಚಾರಿಸಬಾರದು. ಮೇ ಬರುವ ತನಕ ಅಲ್ಲಿ ಏನೂ ಇಲ್ಲವೆಂದೇ ಬಾಳಬೇಕು.

ನಮ್ಮ ಜನಕ್ಕೆ ಬಾರದ ವಿದ್ಯೆ ಇದೊಂದೇ. ಹಾಲು ಉಕ್ಕುವುದನ್ನು ಮೂರು ಜನ ನಿಂತು ನೋಡುವವರು ನಾವು. ಪಕ್ಕದ ಮನೆಯಲ್ಲಿ ಕೂಸು ಮಲಗಿದ್ದರೆ ಮಲಗಿದೆಯಾ ಎಂದು ಎಬ್ಬಿಸಿ ಕೇಳುವವರು. ಹದಿನಾರು ಪೆಟ್ಟಿಗೆಗಳು ಇಟ್ಟಿಗೆಗಳ ಮೇಲೆ ಸಾಲಾಗಿ ಕೂತ ಮೊದಲ ಭಾನುವಾರವೇ ಸೌಜನ್ಯಾ ಬಂದಳು. ನೋಡಿಹೋಗುತ್ತೇನೆ ಎಂದಳು. ಆಗುವುದಿಲ್ಲ ಎಂದರು ದ್ವಾರಕಾನಾಥರು. ಹಾಗಾದರೆ ದೇವಸ್ಥಾನದಿಂದ ತೀರ್ಥ ತಂದಿದ್ದೇನೆ, ಎಲ್ಲಾ ಗಡ್ಡೆಗೂ ಒಂದೊಂದು ಹನಿ ಪ್ರೋಕ್ಷಣೆ ಮಾಡಿಬಿಡಿ ಎಂದು ಪುಟ್ಟ ಬಾಟಲಿ ಚಾಚಿದಳು.

ನೀರು ತಾಗಿದರೆ ಗಡ್ಡೆ ಕೊಳೆಯುತ್ತದೆ. ತೀರ್ಥ ಬೇಡವೆಂದರೆ ಮನುಷ್ಯನ ಮರ್ಯಾದೆ ಕೊಳೆಯುತ್ತದೆ. ದ್ವಾರಕಾನಾಥರು ಒಂದು ಕ್ಷಣ ಯೋಚಿಸಿದರು. ಆಮೇಲೆ ಬಾಟಲಿ ತೆಗೆದುಕೊಂಡು, ಬಲ ಅಂಗೈ ಬಟ್ಟಲು ಮಾಡಿ, "ಹದಿನಾರರ ಪರವಾಗಿ ನಾನೇ ತಗೋತೀನಮ್ಮ" ಎಂದು ಹದಿನಾರು ಸಲ ತೀರ್ಥ ಕುಡಿದರು. ಕೊನೆಗೆ ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡರು. ಸೌಜನ್ಯಾ ಕಾರಿನಲ್ಲಿ ಕೂತವಳೇ ಕೂಟದ ವಾಟ್ಸ್‌ಆ್ಯಪ್ ಗುಂಪಿಗೆ ಮೆಸೇಜ್ ಹಾಕಿದಳು.

ಅಂದಿನಿಂದ ದ್ವಾರಕಾನಾಥರು ಬೇಸ್‌ಮೆಂಟಿನ ಬಾಗಿಲಿಗೆ ಬೀಗ ಹಾಕಿದರು. ಕೆಳಗೆ ಹೋಗುವ ಬಿಸಿಗಾಳಿಯ ಕಿಂಡಿಗಳನ್ನೆಲ್ಲ ಮುಚ್ಚಿದರು. ಇದರಿಂದ ಮೊದಲು ಕೆಟ್ಟದ್ದು ಸಂಕ್ರಾಂತಿ. ಆ ವರ್ಷದ ಸಂಕ್ರಾಂತಿ ಊಟ ಅವರ ಮನೆಯಲ್ಲೇ ಎಂದು ಹಿಂದೆಯೇ ನಿಶ್ಚಯವಾಗಿತ್ತು. ಎಂದಿನಂತೆ ಬೇಸ್‌ಮೆಂಟಿನಲ್ಲಿ ನಡೆಯಬೇಕಾದ್ದು ಮೇಲಕ್ಕೆ ಬಂತು. ಮಡಚುವ ಕುರ್ಚಿಗಳು, ದೊಡ್ಡ ಪಾತ್ರೆಗಳು ಎಲ್ಲವೂ ಬೀಗದ ಕೆಳಗಿದ್ದವು. ಯಜಮಾನರು ಬೀಗ ತೆಗೆಯಲು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಮೂವತ್ತೆಂಟು ಜನ ಮೆಟ್ಟಿಲ ಮೇಲೆ, ಶೂ ರ‍್ಯಾಕ್ ಪಕ್ಕ, ವಾಷಿಂಗ್ ಮೆಷಿನ್ನಿನ ಮೇಲೆ ಕೂತು ಪೊಂಗಲ್ ತಿಂದರು.

ಕೌಸಲ್ಯಾಗೆ ತಲೆ ಕೆಟ್ಟುಹೋಗಿತ್ತು. ಚಿಕ್ಕ ಚಿಕ್ಕ ಪಾತ್ರೆಗಳಲ್ಲಿ ಆರಾರು ಸಲ ಅಡುಗೆ ಮಾಡಿದ್ದಳು. ಆ ಸಿಟ್ಟಿನಲ್ಲೇ ಬಡಿಸುತ್ತಿದ್ದಾಗ ಸೌಜನ್ಯಾ ತಟ್ಟೆಯಲ್ಲಿದ್ದ ಪಲ್ಯ ತೋರಿಸಿ, ಇದು ಯಾವ ಗಡ್ಡೆ ಎಂದು ಕೇಳಿದಳು.

"ಕೆಸವಿನ ಗಡ್ಡೆ ಕಣೇ. ಮನೇಲೇ ಇತ್ತು, ಹಾಕ್ದೆ" ಎಂದಳು ಕೌಸಲ್ಯಾ.

ಎಡಿಸನ್ನಿನ ಅಂಗಡಿಯಿಂದ ತಂದು ಫ್ರೀಜರಿನಲ್ಲಿಟ್ಟಿದ್ದ ಪೊಟ್ಟಣ ಅದು. ಆದರೆ ಆ ವಿವರ ಹೇಳಲು ಕೌಸಲ್ಯಾ ಅಲ್ಲಿ ನಿಲ್ಲಲಿಲ್ಲ, ಒಲೆಯ ಮೇಲೆ ಹಾಲಿತ್ತು. ಸೌಜನ್ಯಾಳ ಕೈ ಅರ್ಧದಲ್ಲಿ ನಿಂತಿತು. ಅವಳು ಬೀಗ ಹಾಕಿದ ಬಾಗಿಲನ್ನು ನೋಡಿದಳು. ಆಮೇಲೆ ಪಲ್ಯವನ್ನು ನೋಡಿದಳು. ಪಕ್ಕದವರ ಕಿವಿಯಲ್ಲಿ ಏನೋ ಹೇಳಿದಳು. ಮೆಟ್ಟಿಲಿನಿಂದ ಮೆಟ್ಟಿಲಿಗೆ ಆ ಮಾತು ಹತ್ತಿತು, ಮೇಲಿನಿಂದ ಶೂ ರ‍್ಯಾಕಿನ ತನಕ ಇಳಿಯಿತು. ಎರಡು ನಿಮಿಷದಲ್ಲಿ ಮೂವತ್ತೇಳು ತಟ್ಟೆಗಳಲ್ಲಿ ಪಲ್ಯ ಒಂದೇ ಬದಿಗೆ ಸರಿದಿತ್ತು. ವಸಿಷ್ಠ ಮಾತ್ರ ಆಗಲೇ ಎರಡು ಸಲ ಹಾಕಿಸಿಕೊಂಡು ತಿಂದಿದ್ದರು. ಅವರು ನೀರು ಕುಡಿದು, ಗಂಟಲು ಮುಟ್ಟಿಕೊಂಡು, ಯಾರ ಮನೆಯ ಗಡ್ಡೆಯಾಗಿರಬಹುದೆಂದು ಚಿಂತಿಸುತ್ತಾ ಕೂತರು.

ಮುಂದಿನ ಮಂಗಳವಾರ ಕೂಟದ ತುರ್ತು ಸಭೆ ಝೂಮಿನಲ್ಲಿ ಸೇರಿತು. ಇಪ್ಪತ್ತು ವರ್ಷದ ಇತಿಹಾಸದಲ್ಲಿ ಕೂಟ ತುರ್ತು ಸಭೆ ಸೇರಿದ್ದು ಇದೇ ಮೊದಲು. ಕೋವಿಡ್ಡಿನಲ್ಲೂ ಸೇರಿರಲಿಲ್ಲ. ಅಂಗಡಿಯ ಪೊಟ್ಟಣದ ಕಥೆಯನ್ನು ಕೌಸಲ್ಯಾ ಮೂರು ಸಲ ಹೇಳಿದಳು. ಮೂರನೆಯ ಸಲಕ್ಕೆ ಖಾಲಿ ಪೊಟ್ಟಣವನ್ನೇ ಕ್ಯಾಮೆರಾಕ್ಕೆ ಹಿಡಿದಳು. ಹಾಗಾದರೆ ಪೆಟ್ಟಿಗೆ ತೆರೆದು ತೋರಿಸಲು ಏನು ಕಷ್ಟ ಎಂದರು ವಸಿಷ್ಠ. ತೆರೆದರೆ ತೇವ ಒಳಗೆ ಹೋಗುತ್ತದೆ, ಮೇ ಹದಿನೇಳಕ್ಕೆ ಎಲ್ಲರೆದುರು ತೆರೆಯುತ್ತೇನೆ ಎಂದರು ದ್ವಾರಕಾನಾಥರು. ಅಲ್ಲಿಯವರೆಗೆ ನಂಬುವುದು ಹೇಗೆ ಎಂದು ಒಬ್ಬರು ಕೇಳಿದರು. ಇನ್ನೊಬ್ಬರು ಮ್ಯೂಟ್ ಮಾಡಲು ಮರೆತು, ಮನುಷ್ಯ ಗಡ್ಡೆ ತಿಂದು ಅರಗಿಸಿಕೊಂಡಿದ್ದಾನೆ ಎಂದು ತಮ್ಮ ಹೆಂಡತಿಗೆ ಹೇಳಿದ್ದು ಎಲ್ಲರಿಗೂ ಕೇಳಿತು. ಮೂರು ಜನರ ತಪಾಸಣಾ ಸಮಿತಿಯನ್ನು ನೇಮಿಸಿ ಸಭೆ ಮುಗಿಯಿತು.

ಆ ವಾರವೆಲ್ಲ ದ್ವಾರಕಾನಾಥರಿಗೆ ಊಟ ಸೇರಲಿಲ್ಲ. ಕೂಟದವರ ಮಾತಿಗಲ್ಲ. ಅವರನ್ನು ಕಾಡುತ್ತಿದ್ದುದು ಬೇಬಿ ಆಂಟಿ. ಮಂಗಳೂರಿನಿಂದ ಬೇಬಿ ಆಂಟಿ ಒಂದು ಸಲವೂ ಫೋನ್ ಮಾಡಿರಲಿಲ್ಲ, ಗುಂಪಿನ ಗದ್ದಲಕ್ಕೆ ಒಂದು ಅಕ್ಷರ ಬರೆದಿರಲಿಲ್ಲ. ಉಳಿದ ಹದಿನೈದು ಸತ್ತರೆ ನರ್ಸರಿಯಿಂದ ತಂದುಕೊಡಬಹುದು. ಇಲ್ಲದ ಮೋಟೆಲಿನ ಬಾಗಿಲಲ್ಲಿದ್ದ ಗಿಡವನ್ನು ಎಲ್ಲಿಂದ ತರುವುದು? ಅದನ್ನು ನೆನೆದರೆ ಅವರಿಗೆ ನಿಜವಾಗಿಯೂ ಹೆದರಿಕೆಯಾಗುತ್ತಿತ್ತು.

ಫೆಬ್ರವರಿಯ ಶನಿವಾರ, ಹೊರಗೆ ಮೊಣಕಾಲುದ್ದ ಹಿಮ ಬಿದ್ದಿದ್ದಾಗ ತಪಾಸಣಾ ಸಮಿತಿ ಬಂತು. ವಸಿಷ್ಠ ಟಾರ್ಚು ತಂದಿದ್ದರು, ಸೌಜನ್ಯಾ ಪಟ್ಟಿ ತಂದಿದ್ದಳು, ಮೂರನೆಯವರು ಕಾಫಿಗೆ ಬಂದಿದ್ದರು. ದ್ವಾರಕಾನಾಥರು ಬೀಗ ತೆಗೆದರು, ಆದರೆ ಕೊನೆಯ ಮೆಟ್ಟಿಲಲ್ಲಿ ಕೈ ಅಡ್ಡ ಹಿಡಿದು ನಿಂತರು. ಅಲ್ಲಿಂದಲೇ ನೋಡಬೇಕು, ಒಂದು ನಿಮಿಷ ಮಾತ್ರ. ಕತ್ತಲೆ ಮೂಲೆಯಲ್ಲಿ ಹದಿನಾರು ಪೆಟ್ಟಿಗೆಗಳು ಕಂಡವು. ಅವುಗಳ ಮೇಲೆ ಹದಿನಾರು ಮನೆಗಳ ಹೆಸರಿತ್ತು. ಸಮಿತಿಯವರು ತಮಗೆ ಗೊತ್ತಿಲ್ಲದೆ ಕೈಮುಗಿದರು.

ಆದರೆ ವಸಿಷ್ಠ ಅಧ್ಯಕ್ಷರಲ್ಲವೇ. ಪೆಟ್ಟಿಗೆ ಇದೆ ಎಂದರೆ ಗಡ್ಡೆ ಇದೆಯೆಂದಾಗಲಿಲ್ಲ, ಒಂದನ್ನಾದರೂ ಎತ್ತಿ ತೂಕ ನೋಡುತ್ತೇನೆ ಎಂದು ಮುಂದೆ ಬಂದರು. ದ್ವಾರಕಾನಾಥರು ಬಿಡಲಿಲ್ಲ. ಇಬ್ಬರು ಮರ್ಯಾದಸ್ಥ ಗೃಹಸ್ಥರು ಮೆಟ್ಟಿಲ ಮೇಲೆ ಬಸ್ಸಿನ ಸೀಟಿಗೆ ಹೋರಾಡುವವರಂತೆ ಭುಜಕ್ಕೆ ಭುಜ ಕೊಟ್ಟು ನೂಕಾಡಿದರು. ಗದ್ದಲ ಕೇಳಿ, ಹಿಮ ತೆಗೆಯುತ್ತಿದ್ದ ಕಾರ್ಮೈನ್ ಸಲಿಕೆಯ ಸಮೇತ ಒಳಗೆ ಬಂದರು. ಏನೆಂದು ಕೇಳಿ ತಿಳಿದು, ವಸಿಷ್ಠರ ಎದುರು ನಿಂತು, ಐವತ್ತು ವರ್ಷದಿಂದ ಅಂಜೂರ ಉಳಿಸಿಕೊಂಡು ಬಂದಿದ್ದೇನೆ, ಒಂದೇ ಒಂದು ವರ್ಷ ಹೆಂಡತಿ ಗೋಣಿ ಬಿಚ್ಚಿ ನೋಡಿದಳು, ಆ ವರ್ಷ ಅರ್ಧ ಮರ ಹೋಯಿತು ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು. ಹೆಂಡತಿ ಏನಾದಳು ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಸಮಿತಿ ಕಾಫಿ ಕುಡಿದು ಕಾಲ್ತೆಗೆಯಿತು.

ಮೇ ಮೊದಲ ವಾರ ಕೌಸಲ್ಯಾ ಗಂಡನನ್ನು ಮೆಲ್ಲಗೆ ಕೇಳಿದಳು. ನರ್ಸರಿಗೆ ಹೊಸ ಗಡ್ಡೆ ಬಂದಿವೆ, ಹದಿನಾರು ತಂದು ಇಟ್ಟುಕೊಂಡಿರೋಣ, ಒಳಗೆ ಹೆಚ್ಚುಕಡಿಮೆಯಾಗಿದ್ದರೆ ಬದಲಾಯಿಸಿಬಿಡಬಹುದು, ಗಡ್ಡೆಗೆ ಮುಖ ಇರುತ್ತದೆಯೇ, ಯಾರಿಗೆ ಗೊತ್ತಾಗುತ್ತದೆ ಎಂದಳು. ಹಿಂದಿನ ನಾಲ್ಕು ವರ್ಷವಾಗಿದ್ದರೆ ದ್ವಾರಕಾನಾಥರು ಕಾರಿನ ಕೀ ಹುಡುಕುತ್ತಿದ್ದರು.

"ಬೇಡ ಕೌಸಲ್ಯಾ. ಇವತ್ತಿನವರೆಗೂ ಮುಟ್ಟದೆ ಕಾದಿದ್ದೀನಿ. ಸತ್ತಿದ್ರೆ ಸತ್ತಿದೆ ಅಂತ ಅವರ ಮುಖ ನೋಡಿ ಹೇಳ್ತೀನಿ."

ಮೇ ಹದಿನೇಳರ ಬೆಳಿಗ್ಗೆ ಹದಿನಾರು ಮನೆಯವರೂ ಬಂದರು. ಬೇಬಿ ಆಂಟಿ, ಶಾಂತಾರಾಮ ಕೊನೆಯವರಾಗಿ ಬಂದು ಹಿಂದೆ ನಿಂತರು. ಪೆಟ್ಟಿಗೆಗಳು ಹಿತ್ತಲಿನ ಹುಲ್ಲಿನ ಮೇಲೆ ಸಾಲಾಗಿದ್ದವು. ದ್ವಾರಕಾನಾಥರು ಮೊದಲ ಪೆಟ್ಟಿಗೆಯ ಟೇಪು ಕಿತ್ತು ಹೊಟ್ಟಿನೊಳಗೆ ಕೈ ಹಾಕಿದರು. ಗಡ್ಡೆ ಗಟ್ಟಿಯಾಗಿತ್ತು. ತುದಿಯಲ್ಲಿ ಬಿಳಿ ಮೊಳಕೆ ಇತ್ತು. ಎರಡನೆಯದೂ ಹಾಗೇ. ಸೌಜನ್ಯಾಳದು ಎರಡು ಮೊಳಕೆ ಬಿಟ್ಟಿತ್ತು. ಅವಳು ಅದನ್ನು ಎದೆಗವಚಿಕೊಂಡು, ತೀರ್ಥದ ಪ್ರಭಾವ ಎಂದಳು. ಹದಿನೈದೂ ಬದುಕಿದ್ದವು.

ಕೊನೆಯದು ಬೇಬಿ ಆಂಟಿಯದು. ಅದು ಎಲ್ಲಕ್ಕಿಂತ ದೊಡ್ಡದು, ತೆಂಗಿನಕಾಯಿ ಗಾತ್ರದ್ದು. ಎತ್ತುವಾಗಲೇ ದ್ವಾರಕಾನಾಥರಿಗೆ ಒಂದು ಬದಿ ಮೆತ್ತಗೆ ತಾಗಿತು, ಕೆಟ್ಟ ವಾಸನೆ ಬಂತು. ಸುತ್ತ ನಿಂತವರು ಬಗ್ಗಿ ನೋಡಿದರು. ಬೇಲಿಯಾಚೆಯಿಂದ ಕಾರ್ಮೈನ್ ತಮ್ಮ ಚಾಕು ಚಾಚಿದರು. ದ್ವಾರಕಾನಾಥರು ಮಂಡಿಯೂರಿ ಕೂತು, ಕೊಳೆತ ಭಾಗವನ್ನು ಚೂರು ಚೂರಾಗಿ ಕೆತ್ತುತ್ತಾ ಹೋದರು. ಕಾಲು ಭಾಗ ಹೋಯಿತು, ಮೂರನೇ ಒಂದು ಹೋಯಿತು. ಆಮೇಲೆ ಗಟ್ಟಿ ಬಿಳಿ ತಿರುಳು ಸಿಕ್ಕಿತು. ತಿರುಗಿಸಿ ನೋಡಿದರೆ ಆ ಕಡೆ ದಪ್ಪನೆಯ ಮೊಳಕೆಯೊಂದು, ಅದರ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಮರಿಗಡ್ಡೆಯೊಂದು. ಅವರ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಕೈ ಮಣ್ಣಾಗಿತ್ತು.

ಚಪ್ಪಾಳೆ ಬಿತ್ತು. ಅದರ ನಡುವೆ ವಸಿಷ್ಠ, ಎಲ್ಲಿ, ನಿಮ್ಮ ನಾಲ್ಕು ವರ್ಷದ ಗಡ್ಡೆ ತೋರಿಸಿ ಎಂದರು.

ದ್ವಾರಕಾನಾಥರು ಖಾಲಿ ಪೆಟ್ಟಿಗೆಗಳ ಕಡೆ ನೋಡಿದರು. ಅಕ್ಟೋಬರಿನಲ್ಲಿ ಹದಿನಾರು ಮನೆಯ ಗಡ್ಡೆ ಒಣಗಿಸುವ ಗಡಿಬಿಡಿಯಲ್ಲಿ ಅವರು ತಮ್ಮ ಗಿಡವನ್ನು ಅಗೆಯುವುದನ್ನೇ ಮರೆತಿದ್ದರು. ಅದು ಅಂಗಳದಲ್ಲೇ ಹಿಮಕ್ಕೆ ಸಿಕ್ಕಿ ಸತ್ತಿತ್ತು. ಅದನ್ನಾಗಲೇ ನೆಟ್ಟುಬಿಟ್ಟೆ ಎಂದರೆ ಮುಗಿಯುತ್ತಿತ್ತು. ಅವರು ಎದ್ದು ನಿಂತರು.

"ನಂದು ಸತ್ತುಹೋಯ್ತು. ನಾಲ್ಕು ವರ್ಷ ಅಂದಿದ್ದೂ ಸುಳ್ಳು. ವರ್ಷ ವರ್ಷ ಹೊಸದು ಕೊಂಡು ತರ್ತಿದ್ದೆ. ಗಡ್ಡೆ ಉಳಿಸಿದ್ದು ಇದೇ ಮೊದಲು."

ಹದಿನಾರು ಮನೆಯವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ವಸಿಷ್ಠ ಮುಂದೆ ಬಂದು ಅವರ ಕೈ ಹಿಡಿದುಕೊಂಡರು. ನಮ್ಮ ಗಡ್ಡೆಗಳನ್ನು ಉಳಿಸಲು ತಮ್ಮದನ್ನು ಬಲಿಕೊಟ್ಟಿದ್ದಾರೆ, ಅದನ್ನೂ ಮುಚ್ಚಿಡಲು ತಮಗೇನೂ ಬರುವುದಿಲ್ಲವೆನ್ನುತ್ತಿದ್ದಾರೆ, ವಿನಯವೆಂದರೆ ಇದು ಎಂದು ಸಾರಿದರು. ದ್ವಾರಕಾನಾಥರು ಅಲ್ಲ, ಅಲ್ಲ ಎಂದರು. ಅಲ್ಲವೆಂದಷ್ಟೂ ಚಪ್ಪಾಳೆ ಜೋರಾಯಿತು. ಬರುವ ವರ್ಷ ಕ್ಯಾನಾ, ಡೇಲಿಯಾ ಗಡ್ಡೆಗಳನ್ನೂ ತರಬಹುದೇ ಎಂದು ಇಬ್ಬರು ಕೇಳಿದರು. ನಿಜ ಹೇಳಿ ಮರ್ಯಾದೆ ಕಳೆದುಕೊಳ್ಳುವುದೂ ಈ ಮನುಷ್ಯನ ಕೈಲಾಗಲಿಲ್ಲ.

ಎಲ್ಲರೂ ಹೊರಟರು. ಬೇಬಿ ಆಂಟಿಯ ಗಡ್ಡೆಯನ್ನು ಕಾರಿನವರೆಗೆ ದ್ವಾರಕಾನಾಥರೇ ಹೊತ್ತು ತಂದರು. ಶಾಂತಾರಾಮ ಡಿಕ್ಕಿಯಲ್ಲಿ ಜಾಗ ಮಾಡುತ್ತಿದ್ದರು.

"ಆಂಟಿ, ನೀವಾದ್ರೂ ನಂಬಿ. ನಾನು ಹೇಳಿದ್ದು ನಿಜ."

"ನಂಗೆ ಪಿಕ್‌ನಿಕ್ಕಿನ ದಿನವೇ ಗೊತ್ತುಂಟು" ಎಂದರು ಬೇಬಿ ಆಂಟಿ. "ಆ ನರ್ಸರಿಯಲ್ಲಿ ಎರಡು ಸಲ ನಿಮ್ಮನ್ನು ನೋಡಿದ್ದೇನೆ. ಗಿಡದ ಲೇಬಲ್ ಕಿತ್ತು ಕಿಸೆಗೆ ಹಾಕ್ತಾ ಇದ್ರಿ."

ದ್ವಾರಕಾನಾಥರು ಗಡ್ಡೆಯನ್ನು ಡಿಕ್ಕಿಯಲ್ಲಿ ಇಳಿಸಿದರು. ಮತ್ತೆ ಯಾಕೆ ನನಗೆ ಕೊಟ್ಟಿರಿ ಎಂದು ಕೇಳಿದರು.

"ಬರ್ತದೆ ಅನ್ನುವವರಿಗೆ ಕೊಟ್ಟರೆ ಒಂದು ಮೂಲೆಯಲ್ಲಿಟ್ಟು ಮರ್ತು ಬಿಡ್ತಾರೆ. ಎಲ್ಲರೆದುರು ಸುಳ್ಳು ಹೇಳಿ ಸಿಕ್ಕಿಹಾಕಿಕೊಂಡವರು ನೋಡಿ, ಅದನ್ನು ನಿಜ ಮಾಡ್ಲಿಕ್ಕೆ ಪ್ರಾಣ ಬೇಕಾದ್ರೂ ಬಿಡ್ತಾರೆ. ನನ್ನ ಗಡ್ಡೆಗೆ ಅಂಥವರೇ ಬೇಕಿತ್ತು."

ಹೀಗೆಂದು ಅವರು ಆ ಮರಿಗಡ್ಡೆಯನ್ನು ಮೆಲ್ಲನೆ ಮುರಿದು ದ್ವಾರಕಾನಾಥರ ಅಂಗೈಯಲ್ಲಿಟ್ಟರು.

"ಇದು ನಿಮ್ಮದು. ಸತ್ತರೆ ಎಲ್ಲಿಯೂ ಕೊಳ್ಳಲಿಕ್ಕೆ ಸಿಗುದಿಲ್ಲ."

ಕಾರು ತಿರುವಿನಲ್ಲಿ ಮರೆಯಾಯಿತು. ದ್ವಾರಕಾನಾಥರಿಗೆ ಖುಷಿಯೂ ಆಯಿತು, ಏಳು ತಿಂಗಳು ಹದಿನಾರು ಗಡ್ಡೆ ಕಾಯುವಾಗ ಆಗದಷ್ಟು ಭಯವೂ ಆಯಿತು. ಊಟಕ್ಕೆ ಬನ್ನಿ ಎಂದು ಕೌಸಲ್ಯಾ ಕೂಗಿದ್ದು ಅವರಿಗೆ ಕೇಳಲಿಲ್ಲ. ಮರಿಗಡ್ಡೆಯನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದು, ಇವತ್ತೇ ನೆಡಬಹುದೇ, ಇಲ್ಲ ಇನ್ನೊಂದು ವಾರ ಕಾಯಬೇಕೇ ಎಂದು ಕೇಳಲು ಅವರು ಕಾರ್ಮೈನರ ಮನೆಯ ಕಡೆಗೆ ನಡೆದರು.